ಜೈಲಾದರೂ ಸರಿ, ಒಲ್ಲದ ಗಂಡನ ಮನೆ ಬೇಡ: ಕಾನೂನು ಬದಲಿಸಿ ಎಂದು ಕೇಳಿದ ರುಖ್ಮಾಬಾಯಿ ಬದುಕಿನ ಕಥೆ

ಮುಂಬೈ: ಸೂರತ್ ಕಡೆಯಿಂದ ಹಾಸಿಕೊಂಡು ಬಂದ ರೈಲು ಹಳಿ ಬಾಂಬೆಯ ಗ್ರಾಂಟ್ ರೋಡ್ ತಲುಪಿದ್ದು 1864ರಲ್ಲಿ. ಅದೇ ವರ್ಷ ನವೆಂಬರ್ 22ರಂದು ಬಡಗಿ ವೃತ್ತಿಯ ಸುತಾರ್ ಸಮುದಾಯದ ಮನೆಯೊಂದರಲ್ಲಿ ಹೆಣ್ಣುಮಗುವೊಂದು ಜನಿಸಿತು. ಎರಡು ದಶಕಗಳ ನಂತರ ಈ ಹುಡುಗಿಯ ಹೆಸರು ಬಾಂಬೆ ಹೈಕೋರ್ಟ್‌ನಿಂದ ಲಂಡನ್ನಿನ ಪತ್ರಿಕೆಗಳವರೆಗೆ ಚರ್ಚೆಯಾಯಿತು. ಆಕೆಯೇ ರುಖ್ಮಾಬಾಯಿ.

ದೇಶದ ಮೊದಲ ತಲೆಮಾರಿನ ಮಹಿಳಾ ವೈದ್ಯರಲ್ಲಿ ಒಬ್ಬರು ಎಂದು ರುಖ್ಮಾಬಾಯಿ ಅವರನ್ನು ಇಂದು ನೆನೆಯಲಾಗುತ್ತದೆ. 2017ರಲ್ಲಿ ಅವರ ಜನ್ಮದಿನದಂದು ಗೂಗಲ್ ಡೂಡಲ್ ಗೌರವವೂ ಸಂದಿತ್ತು. ಆದರೆ ಸ್ಟೆತಸ್ಕೋಪ್ ಹಿಡಿಯುವ ಮೊದಲೇ ಅವರು ಇನ್ನೊಂದು ದೊಡ್ಡ ಕೆಲಸ ಮಾಡಿದ್ದರು. ಕೋರ್ಟಿನಲ್ಲಿ ನ್ಯಾಯ ಸಿಗದಿದ್ದಾಗ, ಹಾಗಾದರೆ ಕಾನೂನನ್ನೇ ಬದಲಿಸಿ ಎಂದು ಶಾಸನ ಮಾಡುವವರನ್ನು ನೇರವಾಗಿ ಕೇಳಿದ್ದರು.

ಹನ್ನೊಂದಕ್ಕೆ ಮದುವೆ, ಮನೆಯಲ್ಲೇ ಓದು

ತಂದೆ ಜನಾರ್ದನ ಪಾಂಡುರಂಗ ತೀರಿಕೊಂಡಾಗ ರುಖ್ಮಾಬಾಯಿ ಇನ್ನೂ ಪುಟ್ಟ ಮಗು. ತಾಯಿ ಜಯಂತಿಬಾಯಿಗೆ ಆಗ ಕೇವಲ 17 ವರ್ಷ. ಕೆಲವು ವರ್ಷಗಳ ನಂತರ ತಾಯಿ ಡಾ. ಸಖಾರಾಮ್ ಅರ್ಜುನ್ ಅವರನ್ನು ಮರುಮದುವೆಯಾದರು. ಸಖಾರಾಮ್ ಗ್ರಾಂಟ್ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕ, ಸಸ್ಯಶಾಸ್ತ್ರಜ್ಞ. ಗ್ರಾಂಟ್ ರೋಡ್‌ಗೂ ಈ ಕಾಲೇಜಿಗೂ ಹೆಸರು ಬಂದದ್ದು ಒಬ್ಬರಿಂದಲೇ, ಬಾಂಬೆ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರಾಂಟ್ ಅವರಿಂದ.

ಮನೆಯಲ್ಲಿ ಓದಿನ ವಾತಾವರಣವಿದ್ದರೂ ಅಂದಿನ ಪದ್ಧತಿಯಿಂದ ಹುಡುಗಿಗೆ ಬಿಡುಗಡೆ ಸಿಗಲಿಲ್ಲ. 11ನೇ ವಯಸ್ಸಿಗೆ ದಾದಾಜಿ ಭಿಕಾಜಿ ಎಂಬ 19ರ ತರುಣನ ಜತೆ ಮದುವೆ ನಡೆಯಿತು. ಆತ ಮಲತಂದೆಯ ಬಂಧುವೇ. ಮನೆಯಳಿಯನಾಗಿ ಇದ್ದು ಓದಿ ಮುಂದೆ ಬರಬೇಕು ಎಂಬುದು ಒಪ್ಪಂದ. ಆದರೆ ದಾದಾಜಿ ಓದಿನತ್ತ ಮುಖ ಮಾಡದೆ ಸೋದರಮಾವನ ಮನೆ ಸೇರಿಕೊಂಡ.

ಬಾಲಕಿ ಋತುಮತಿಯಾದಾಗ ಗರ್ಭಾಧಾನ ಶಾಸ್ತ್ರಕ್ಕೆ ಒತ್ತಡ ಬಂತು. ಎಳೆಯ ದೇಹದ ಮೇಲೆ ಅದರ ಪರಿಣಾಮ ಏನು ಎಂಬುದು ವೈದ್ಯರಾಗಿದ್ದ ಸಖಾರಾಮ್‌ಗೆ ಗೊತ್ತಿತ್ತು. ಅವರು ಖಡಾಖಂಡಿತವಾಗಿ ಬೇಡ ಎಂದರು. ರುಖ್ಮಾಬಾಯಿ ತವರಿನಲ್ಲೇ ಉಳಿದರು. ಶಾಲೆ ಬಿಟ್ಟುಹೋಗಿದ್ದರೂ ಮಿಷನ್ ಲೈಬ್ರರಿಯ ಪುಸ್ತಕಗಳನ್ನು ಮನೆಗೆ ತರಿಸಿಕೊಂಡು ಓದಿದರು.

ಹೆಂಡತಿಯನ್ನು ಕಳುಹಿಸಿ ಎಂದು ಕೇಸ್

1884ರಲ್ಲಿ ದಾದಾಜಿ ವಕೀಲರ ಮೂಲಕ ನೋಟಿಸ್ ಕಳುಹಿಸಿದ. ನಂತರ ಹೆಂಡತಿಯನ್ನು ತನ್ನ ಮನೆಗೆ ಕಳುಹಿಸಬೇಕು ಎಂದು ಬಾಂಬೆ ಹೈಕೋರ್ಟ್‌ನಲ್ಲಿ ದಾವೆ ಹೂಡಿದ. ದಾಂಪತ್ಯ ಹಕ್ಕುಗಳ ಮರುಸ್ಥಾಪನೆ ಎಂಬ ಈ ದಾವೆಯ ಮೂಲ ಇಂಗ್ಲೆಂಡ್. ಹಿಂದೂ ಧರ್ಮಶಾಸ್ತ್ರದಲ್ಲಿ ಇಂಥದ್ದೊಂದು ಕೋರ್ಟ್ ಪರಿಹಾರ ಇರಲೇ ಇಲ್ಲ.

ಇದೇ ಹೊತ್ತಿಗೆ ಟೈಮ್ಸ್ ಆಫ್ ಇಂಡಿಯಾದಲ್ಲಿ ಹಿಂದೂ ಮಹಿಳೆ ಎಂಬ ಗುಪ್ತನಾಮದ ಪತ್ರಗಳು ಕಾಣಿಸಿಕೊಂಡವು. ಜೂನ್ 26, 1885ರ ಪತ್ರದಲ್ಲಿ ಬಾಲ್ಯವಿವಾಹದ ಕಥೆ ಇತ್ತು. ಸೆಪ್ಟೆಂಬರ್ 19ರ ಪತ್ರದಲ್ಲಿ ವಿಧವೆಯರ ಸಂಕಟ ಇತ್ತು. ಮದುವೆಯಾದ ಹುಡುಗ ಓದು ಮುಂದುವರಿಸಬಹುದು, ಹುಡುಗಿಯ ಓದು ಮಾತ್ರ ಅಲ್ಲಿಗೇ ನಿಲ್ಲುತ್ತದೆ ಎಂಬುದು ಪತ್ರದ ನೋವು. ಬರೆದವರು ರುಖ್ಮಾಬಾಯಿ ಎಂಬುದು ಆಮೇಲೆ ಬಯಲಾಯಿತು. ಬೆನ್ನಿಗೆ ನಿಂತಿದ್ದ ಸಖಾರಾಮ್ ಅರ್ಜುನ್ ಆ ವರ್ಷ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು.

ಎರಡನೇ ಪತ್ರ ಬಂದ ಎರಡೇ ದಿನಕ್ಕೆ, ಸೆಪ್ಟೆಂಬರ್ 21ರಂದು ನ್ಯಾಯಮೂರ್ತಿ ಪಿನ್ಹೆ ತೀರ್ಪು ಕೊಟ್ಟರು. ತಿಳಿವಳಿಕೆ ಇಲ್ಲದ ವಯಸ್ಸಿನಲ್ಲಿ ಮದುವೆಯಾದ, ಒಂದು ದಿನವೂ ಸಂಸಾರ ಮಾಡದ ಹೆಣ್ಣನ್ನು ಬಲವಂತವಾಗಿ ಗಂಡನಿಗೆ ಒಪ್ಪಿಸಲು ಯಾವ ಕಾನೂನೂ ಹೇಳುವುದಿಲ್ಲ ಎಂಬುದು ಅವರ ನಿಲುವು. ರುಖ್ಮಾಬಾಯಿ ಗೆದ್ದರು.

ಆದರೆ ಗೆಲುವು ಹೆಚ್ಚು ಕಾಲ ಉಳಿಯಲಿಲ್ಲ. ತೀರ್ಪಿನ ವಿರುದ್ಧ ಸಂಪ್ರದಾಯವಾದಿಗಳು ತಿರುಗಿಬಿದ್ದರು. ಬಾಲ ಗಂಗಾಧರ ತಿಲಕರ ಪತ್ರಿಕೆಗಳೂ ಟೀಕಿಸಿದವು. 1886ರಲ್ಲಿ ಮೇಲ್ಮನವಿ ಪೀಠ ಪ್ರಕರಣವನ್ನು ಮರುವಿಚಾರಣೆಗೆ ಕಳುಹಿಸಿತು. ಮಾರ್ಚ್ 4, 1887ರಂದು ನ್ಯಾಯಮೂರ್ತಿ ಫಾರನ್ ಆದೇಶ ಹೊರಬಿತ್ತು. ಒಂದೋ ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳವರೆಗೆ ಜೈಲು. ರುಖ್ಮಾಬಾಯಿ ಎರಡನೆಯದಕ್ಕೆ ಸಿದ್ಧ ಎಂದರು. ಆಗ ಅವರಿಗೆ 22 ವರ್ಷ.

ಒಂದೇ ವಾಕ್ಯದ ಬೇಡಿಕೆ

ಇಲ್ಲಿಂದ ಕಥೆ ಕೋರ್ಟಿನಿಂದ ಶಾಸನದ ಕಡೆ ತಿರುಗುತ್ತದೆ. ತನ್ನ ಒಬ್ಬಳ ಕೇಸ್ ಗೆದ್ದರೂ ಉಳಿದ ಹುಡುಗಿಯರಿಗೆ ಏನೂ ಸಿಗುವುದಿಲ್ಲ ಎಂಬುದು ರುಖ್ಮಾಬಾಯಿಗೆ ಅರ್ಥವಾಗಿತ್ತು. 1887ರ ಏಪ್ರಿಲ್‌ನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವರ ಪತ್ರ ಪ್ರಕಟವಾಯಿತು. ಅದು ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 50 ವರ್ಷ ತುಂಬಿದ ಸಂಭ್ರಮದ ವರ್ಷ. ಆ ನೆಪದಲ್ಲಿ ರುಖ್ಮಾಬಾಯಿ ಕೇಳಿದ್ದು ಕಾನೂನಿನಲ್ಲಿ ಒಂದು ಸಣ್ಣ ವಾಕ್ಯದ ತಿದ್ದುಪಡಿ ಮಾತ್ರ. ಹುಡುಗನಿಗೆ 20, ಹುಡುಗಿಗೆ 15 ತುಂಬುವ ಮೊದಲು ನಡೆದ ಮದುವೆ ಕೋರ್ಟಿನ ಮುಂದೆ ಬಂದರೆ ಅದನ್ನು ಸಿಂಧು ಎಂದು ಪರಿಗಣಿಸಬಾರದು ಎಂಬುದೇ ಆ ವಾಕ್ಯದ ಸಾರ.

ಗಮನಿಸಬೇಕಾದ ಅಂಶ ಇಲ್ಲಿದೆ. ಬಾಲ್ಯವಿವಾಹ ಮಾಡಿಸಿದವರಿಗೆ ಶಿಕ್ಷೆ ಕೊಡಿ ಎಂದು ಅವರು ಕೇಳಲಿಲ್ಲ. ಸಿಕ್ಕಿಹಾಕಿಕೊಂಡ ಹುಡುಗಿಗೆ ಹೊರಬರುವ ಬಾಗಿಲು ಬೇಕು ಎಂದರು.

ಆದರೆ ಸರ್ಕಾರಕ್ಕೆ ಧರ್ಮದ ವಿಚಾರದಲ್ಲಿ ಕೈ ಹಾಕುವ ಮನಸ್ಸಿರಲಿಲ್ಲ. ಪತ್ರಕರ್ತ ಬೆಹ್ರಾಮ್‌ಜಿ ಮಲಬಾರಿ 1884ರಿಂದಲೇ ಬಾಲ್ಯವಿವಾಹದ ವಿರುದ್ಧ ಕಾನೂನಿಗೆ ಒತ್ತಾಯಿಸುತ್ತಿದ್ದರು. 1886ರಲ್ಲಿ ಸರ್ಕಾರ ಆ ಬೇಡಿಕೆಯನ್ನು ತಳ್ಳಿಹಾಕಿತ್ತು.

ರುಖ್ಮಾಬಾಯಿ ಜೈಲಿಗೆ ಹೋಗಲಿಲ್ಲ. 1888ರ ಜುಲೈನಲ್ಲಿ ರಾಜಿಯಾಯಿತು. 2,000 ರೂಪಾಯಿ ಪಡೆದು ದಾದಾಜಿ ತನ್ನ ಹಕ್ಕು ಬಿಟ್ಟುಕೊಟ್ಟ. ವಿಕ್ಟೋರಿಯಾ ರಾಣಿಯೇ ಮದುವೆ ರದ್ದು ಮಾಡಿದರು ಎಂಬ ಮಾತು ಈಗಲೂ ಹರಿದಾಡುತ್ತದೆ. ಆದರೆ ಪ್ರಕರಣ ಮುಗಿದದ್ದು ಈ ರಾಜಿಯಿಂದ. ಅಂದರೆ ಹೆಣ್ಣೊಬ್ಬಳು ಹಣ ಕೊಟ್ಟು ಬಿಡುಗಡೆ ಪಡೆದಳು, ಕಾನೂನು ಇದ್ದಲ್ಲೇ ಇತ್ತು.

ಹತ್ತರಿಂದ ಹನ್ನೆರಡಕ್ಕೆ

ಶಾಸನ ಸಭೆಯನ್ನು ಎಚ್ಚರಿಸಿದ್ದು ಒಂದು ಸಾವು. ಕಲ್ಕತ್ತಾದಲ್ಲಿ ಫೂಲ್ಮಣಿ ಎಂಬ ಬಾಲಕಿ ಗಂಡನ ಬಲವಂತದ ಸಂಭೋಗದಿಂದಾದ ಗಾಯಕ್ಕೆ ಬಲಿಯಾದಳು. ಹೆಂಡತಿಗೆ 10 ವರ್ಷ ದಾಟಿದ್ದರಿಂದ ಅತ್ಯಾಚಾರದ ಆರೋಪ ಕಾನೂನಿನ ಪ್ರಕಾರ ನಿಲ್ಲುವಂತಿರಲಿಲ್ಲ. ದೇಶಾದ್ಯಂತ ಚರ್ಚೆ ಎದ್ದಿತು. ಜನವರಿ 1891ರಲ್ಲಿ ಮಂಡನೆಯಾದ ಸಮ್ಮತಿ ವಯಸ್ಸಿನ ಮಸೂದೆ ಮಾರ್ಚ್‌ನಲ್ಲಿ ಅಂಗೀಕಾರವಾಯಿತು. ಸಮ್ಮತಿಯ ವಯಸ್ಸು 10ರಿಂದ 12ಕ್ಕೆ ಏರಿತು. ವಿವಾಹಿತ ಹುಡುಗಿಗೂ ಇದು ಅನ್ವಯ. ವಿದೇಶಿ ಸರ್ಕಾರ ನಮ್ಮ ಸಮಾಜ ಸುಧಾರಣೆಗೆ ಕಾನೂನು ಮಾಡಬಾರದು ಎಂದು ತಿಲಕರು ಇದನ್ನು ವಿರೋಧಿಸಿದ್ದರು.

ಹೆಚ್ಚಿದ್ದು ಎರಡೇ ವರ್ಷ. ಆದರೆ ಮದುವೆಯ ಒಳಗೂ ಅಪರಾಧ ನಡೆಯಬಹುದು ಎಂಬ ಮಾತು ಇಡೀ ದೇಶದಲ್ಲಿ ಬಹಿರಂಗ ಚರ್ಚೆಯಾಯಿತು. ರುಖ್ಮಾಬಾಯಿ ಪ್ರಕರಣವೇ ಈ ಚರ್ಚೆಗೆ ನೆಲ ಹದ ಮಾಡಿತ್ತು.

ಕನ್ನಡ ನಾಡಿನಲ್ಲೂ ಈ ಗಾಳಿ ಬೀಸಿತು. ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಬಾಲ್ಯವಿವಾಹ ತಡೆ ಕಾನೂನು ತಂದಿತು. 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಗೆ ನಿಷೇಧ ಬಂತು. 50 ದಾಟಿದ ಗಂಡಸರು 14 ತುಂಬದ ಹುಡುಗಿಯರನ್ನು ಮದುವೆಯಾಗುವಂತಿಲ್ಲ ಎಂದೂ ಆಯಿತು.

ಡಾಕ್ಟರ್ ರುಖ್ಮಾಬಾಯಿ

ರಾಜಿಯ ಮರುವರ್ಷವೇ, 1889ರಲ್ಲಿ ರುಖ್ಮಾಬಾಯಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಬಾಂಬೆಯ ಕಾಮಾ ಆಸ್ಪತ್ರೆಯ ಡಾ. ಎಡಿತ್ ಪೀಚಿ ಇದಕ್ಕೆ ಬೆಂಬಲ ನೀಡಿದ್ದರು. ಲಂಡನ್ ಸ್ಕೂಲ್ ಆಫ್ ಮೆಡಿಸಿನ್ ಫಾರ್ ವಿಮೆನ್‌ನಲ್ಲಿ ಓದಿ 1894ರಲ್ಲಿ ವೈದ್ಯೆಯಾದರು. ಭಾರತಕ್ಕೆ ಮರಳಿ ಸೂರತ್‌ನ ಮಹಿಳಾ ಆಸ್ಪತ್ರೆ ಸೇರಿದರು. ಅವರು ಹುಟ್ಟಿದ ವರ್ಷ ಗ್ರಾಂಟ್ ರೋಡ್ ತಲುಪಿದ ರೈಲು ಹಳಿ ಹಾದು ಬಂದ ಊರು ಅದು. ನಂತರ ರಾಜಕೋಟ್. ಒಟ್ಟು ಸುಮಾರು 35 ವರ್ಷಗಳ ಸೇವೆ.

ಅಚ್ಚರಿಯ ಸಂಗತಿಯೆಂದರೆ, ಮುಂದೆ ದಾದಾಜಿ ತೀರಿಕೊಂಡಾಗ ರುಖ್ಮಾಬಾಯಿ ವಿಧವೆಯ ಬಿಳಿ ಸೀರೆ ಉಟ್ಟರು. ಅವರು ಮತ್ತೆ ಮದುವೆಯಾಗಲಿಲ್ಲ. 1929ರಲ್ಲಿ ಪರದಾ ಪದ್ಧತಿ ತೊಲಗಬೇಕು ಎಂದು ಕಿರುಹೊತ್ತಗೆ ಬರೆದರು. ಶಾರದಾ ಕಾಯ್ದೆ ಅಂಗೀಕಾರವಾದದ್ದೂ ಅದೇ ವರ್ಷ. ಹುಡುಗಿಯ ಮದುವೆಗೆ ಕನಿಷ್ಠ 14 ವರ್ಷ ಎಂದು ಅದು ನಿಗದಿ ಮಾಡಿತು. ಆದರೆ ಅದನ್ನು ಮೀರಿ ನಡೆದ ಮದುವೆ ಮಾತ್ರ ಸಿಂಧುವಾಗಿಯೇ ಉಳಿಯಿತು.

ಈಡೇರಿದ್ದೆಷ್ಟು? ಬಾಕಿ ಎಷ್ಟು?

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲೂ ಸಾಮಾನ್ಯವಾಗಿ ಇಂಥ ಮದುವೆ ತಾನಾಗಿ ರದ್ದಾಗುವುದಿಲ್ಲ. ಬಾಲ್ಯದಲ್ಲಿ ಮದುವೆಯಾದವರೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಈ ಕೊರತೆಯನ್ನು ತುಂಬಿದ್ದು ಕರ್ನಾಟಕ. ರಾಜ್ಯದ ತಿದ್ದುಪಡಿ ಕಾಯ್ದೆ 2017ರಲ್ಲಿ ಜಾರಿಗೆ ಬಂದು, ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದಿತು. ಉಳಿದ ರಾಜ್ಯಗಳೂ ಇದೇ ದಾರಿ ಹಿಡಿಯುವುದು ಸೂಕ್ತ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ಅಭಿಪ್ರಾಯಪಟ್ಟಿತು. ರುಖ್ಮಾಬಾಯಿ 1887ರಲ್ಲಿ ಕೇಳಿದ್ದ ಒಂದು ವಾಕ್ಯ ಕರ್ನಾಟಕದ ಕಾನೂನು ಪುಸ್ತಕ ಸೇರಲು 130 ವರ್ಷ ಬೇಕಾಯಿತು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ರಕ್ಷಣಾ ಆದೇಶ, ವಾಸದ ಹಕ್ಕು ಕೊಟ್ಟಿದೆ. ಆದರೆ ಪತ್ನಿಗೆ 18 ತುಂಬಿದ್ದರೆ ಪತಿಯ ಬಲವಂತ ಅತ್ಯಾಚಾರವಲ್ಲ ಎಂಬ ವಿನಾಯಿತಿ ಭಾರತೀಯ ನ್ಯಾಯ ಸಂಹಿತೆಯಲ್ಲೂ ಮುಂದುವರಿದಿದೆ.

ಇನ್ನು ರುಖ್ಮಾಬಾಯಿ ವಿರುದ್ಧ ಬಳಕೆಯಾದ ಆ ದಾವೆ? ಅದು ಇಂದಿಗೂ ಇದೆ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 9ರಡಿ ಗಂಡನಾಗಲಿ ಹೆಂಡತಿಯಾಗಲಿ ಸಂಗಾತಿಯನ್ನು ಮರಳಿ ಕರೆಸಿಕೊಳ್ಳಲು ಕೋರ್ಟ್ ಮೊರೆ ಹೋಗಬಹುದು. ಆದೇಶ ಮೀರಿದರೆ ಜೈಲಿಲ್ಲ, ಆಸ್ತಿ ಜಪ್ತಿಗೆ ಅವಕಾಶವಿದೆ. 1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಈ ಸೆಕ್ಷನ್ ಸಂವಿಧಾನಬಾಹಿರ ಎಂದಿತ್ತು. ಮರುವರ್ಷ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು.

ಹೆಂಡತಿಗೂ ವಿಚ್ಛೇದನದ ಹಕ್ಕು ಕೊಟ್ಟ ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದದ್ದು ಮೇ 1955ರಲ್ಲಿ. ಸೆಕ್ಷನ್ 9 ಕೂಡ ಅದರೊಂದಿಗೇ ಬಂತು. ನಾಲ್ಕು ತಿಂಗಳ ನಂತರ, ಸೆಪ್ಟೆಂಬರ್ 25ರಂದು ರುಖ್ಮಾಬಾಯಿ ಕೊನೆಯುಸಿರೆಳೆದರು. ಅವರು ಬಯಸಿದ್ದ ಬಾಗಿಲು ಕೊನೆಗೂ ತೆರೆದಿತ್ತು. ಅವರನ್ನು ಕೋರ್ಟಿಗೆ ಎಳೆದಿದ್ದ ದಾವೆಯೂ ಅದರ ಪಕ್ಕದಲ್ಲೇ ಉಳಿದಿತ್ತು.