ಡ್ಯೂಕ್ ಎಲಿಂಗ್ಟನ್ನನ ಮೇಳ

ಪಾಶ್ಚಾತ್ಯ ದೇಶಗಳಲ್ಲಿ ವಾದ್ಯಮೇಳಕ್ಕಾಗಿ ಸಂಗೀತವನ್ನು ರಚಿಸುವವರು ಸಾಮಾನ್ಯವಾಗಿ ವಾದ್ಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುವರು. ಆ ವಾದ್ಯವನ್ನು ನುಡಿಸುವವನು ಯಾವನೆಂಬುದು ಅವರ ಎಣಿಕೆಗೆ ಬಾರದು. ಅಮೆರಿಕಾದ ಡ್ಯೂಕ್ ಎಲಿಂಗ್ಟನ್ನನು ಈ ಪದ್ಧತಿಯನ್ನು ತಲೆಕೆಳಗು ಮಾಡಿದನು. ಆತನು ಬರೆದುಕೊಟ್ಟ ಸ್ವರಪತ್ರಗಳ ತಲೆಯ ಮೇಲೆ ವಾದ್ಯದ ಹೆಸರಿಗೆ ಬದಲಾಗಿ ಅನೇಕವೇಳೆ ವಾದಕನ ಅಡ್ಡಹೆಸರೇ ಇರುತ್ತಿದ್ದಿತು. ಈ ಸಣ್ಣ ಸಂಗತಿಯಲ್ಲಿ ಆತನ ಕಲೆಯ ಗುಟ್ಟೂ, ಆತನ ಬಾಳಿನ ಸುಖದುಃಖಗಳೂ ಅಡಗಿವೆ.

ಎಡ್ವರ್ಡ್ ಕೆನೆಡಿ ಎಲಿಂಗ್ಟನ್ನನು 1899ನೆಯ ಏಪ್ರಿಲ್ 29ರಂದು ವಾಷಿಂಗ್ಟನ್ ನಗರದಲ್ಲಿ, ಆಫ್ರಿಕ ಮೂಲದ ಕಪ್ಪುಜನರ ಮನೆತನವೊಂದರಲ್ಲಿ ಜನಿಸಿದನು. ತಂದೆಯು ಬಿಳಿಯ ವೈದ್ಯರೊಬ್ಬರ ಮನೆಯಲ್ಲಿ ಪರಿಚಾರಕ. ತಾಯಿ ಡೇಜಿಯು ದೈವಭಕ್ತೆ. ಮಗನ ಉಡುಗೆತೊಡುಗೆಗಳೂ ನಡೆನುಡಿಗಳೂ ಗಂಭೀರವಾಗಿದ್ದುದರಿಂದ ಒಡನಾಡಿಗಳು ಅವನನ್ನು ಸರದಾರನೆಂಬ ಅರ್ಥದಲ್ಲಿ 'ಡ್ಯೂಕ್' ಎಂದು ಕರೆದರು. ಆ ಹೆಸರೇ ನಿಂತಿತು. ಬಾಲ್ಯದಲ್ಲಿ ಪಿಯಾನೊ ಪಾಠವಾದರೂ ಹುಡುಗನಿಗೆ ಚಿತ್ರಕಲೆಯ ಕಡೆಗೇ ಒಲವು ಹೆಚ್ಚಾಗಿದ್ದಿತು. ನ್ಯೂಯಾರ್ಕಿನ ಕಲಾಶಾಲೆಯೊಂದರ ವಿದ್ಯಾರ್ಥಿವೇತನವು ದೊರೆಯುವಂತಿದ್ದರೂ ಅದನ್ನು ಬಿಟ್ಟು, ಹಗಲು ಅಂಗಡಿಗಳ ಹೆಸರುಹಲಗೆ ಬರೆಯುತ್ತ, ರಾತ್ರಿ ಔತಣಕೂಟಗಳಲ್ಲಿ ಪಿಯಾನೊ ನುಡಿಸುತ್ತ ಜೀವನವನ್ನು ಆರಂಭಿಸಿದನು. ಬಣ್ಣಗಳನ್ನು ಬೆರೆಸುವ ಆ ಕಣ್ಣು ಮುಂದೆ ನಾದಗಳನ್ನು ಬೆರೆಸುವುದರಲ್ಲಿ ನೆರವಾಯಿತೆಂದರೆ ತಪ್ಪಾಗಲಾರದು.

1923ರಲ್ಲಿ ನ್ಯೂಯಾರ್ಕನ್ನು ಸೇರಿದ ಆತನು ಕೆಲವೇ ಮಂದಿಯ ಮೇಳವೊಂದಕ್ಕೆ ನಾಯಕನಾದನು. ಆ ಮೇಳದಲ್ಲಿ ಬಬರ್ ಮೈಲಿ ಎಂಬ ಟ್ರಂಪೆಟ್ ವಾದಕನಿದ್ದನು. ಕೊಳಾಯಿ ರಿಪೇರಿಯವರು ಬಳಸುವ ರಬ್ಬರಿನ ಬಟ್ಟಲನ್ನು ವಾದ್ಯದ ಬಾಯಿಗೆ ಹಿಡಿದು, ಗಂಟಲಿನಿಂದ ಗುರುಗುಟ್ಟಿ, ಆತನು ಮನುಷ್ಯನ ಅಳುವಿಗೂ ಗರ್ಜನೆಗೂ ಹತ್ತಿರವಾದ ಧ್ವನಿಯನ್ನು ಹೊರಡಿಸುತ್ತಿದ್ದನು. ಶಾಸ್ತ್ರಜ್ಞರು ಕೇಳಿದ್ದರೆ ಇದು ಅಪಸ್ವರವೆಂದು ಕಿವಿ ಮುಚ್ಚಿಕೊಳ್ಳುತ್ತಿದ್ದರೇನೋ! ಎಲಿಂಗ್ಟನ್ನನಾದರೋ ಆ ಧ್ವನಿಯನ್ನು ತಿದ್ದಲು ಹೋಗಲಿಲ್ಲ. ಅದು ಶೋಭಿಸುವಂತಹ ಸಂಗೀತವನ್ನೇ ರಚಿಸಿದನು. ಅಂದಿನಿಂದ ಇದೇ ಆತನ ಸೂತ್ರವಾಯಿತು.

1927ರ ಡಿಸೆಂಬರಿನಲ್ಲಿ ಹಾರ್ಲೆಮ್ ಬಡಾವಣೆಯ ಕಾಟನ್ ಕ್ಲಬ್ಬಿನಲ್ಲಿ ಮೇಳಕ್ಕೆ ನೌಕರಿ ದೊರೆಯಿತು. ವೇದಿಕೆಯ ಮೇಲೆ ಕಪ್ಪುಜನರು, ಕುರ್ಚಿಗಳಲ್ಲಿ ಬಿಳಿಯರು ಮಾತ್ರ: ಇದು ಆ ಸ್ಥಳದ ಕಟ್ಟಳೆ. ಆ ಅವಮಾನದ ನಡುವೆಯೇ ಆತನ ಸಂಗೀತವು ರೇಡಿಯೊ ಮೂಲಕ ದೇಶದ ಮನೆಮನೆಗಳನ್ನು ಹೊಕ್ಕಿತು.

ಇಲ್ಲಿ ದೊಡ್ಡ ಜಾಜ್ ಮೇಳದ ರಚನೆಯನ್ನು ಕುರಿತು ವಾಚಕರಿಗೆ ಎರಡು ಮಾತು ಹೇಳುವುದು ಅವಶ್ಯ. ಅಂತಹ ಮೇಳದಲ್ಲಿ ಸುಮಾರು 15 ಮಂದಿ ಇರುವರು. ಟ್ರಂಪೆಟ್ ಮತ್ತು ಟ್ರಾಂಬೋನುಗಳೆಂಬ ಹಿತ್ತಾಳೆಯ ವಾದ್ಯಗಳದು ಒಂದು ಪಂಗಡ; ಸ್ಯಾಕ್ಸೊಫೋನು, ಕ್ಲಾರಿನೆಟ್ಟುಗಳದು ಇನ್ನೊಂದು; ಪಿಯಾನೊ, ಗಿಟಾರು, ಮಂದ್ರದ ತಂತಿವಾದ್ಯ, ಡೋಲುಗಳು ತಾಳದ ಪಂಗಡ. ಒಂದು ಪಂಗಡವು ಪ್ರಶ್ನಿಸಿದಂತೆಯೂ ಮತ್ತೊಂದು ಉತ್ತರಿಸಿದಂತೆಯೂ ಬರೆಯುವುದು ಆ ಕಾಲದ ರೂಢಿ. ನಡುನಡುವೆ ಒಬ್ಬೊಬ್ಬ ವಾದಕನಿಗೆ, ನಮ್ಮ ವಿದ್ವಾಂಸರ ಮನೋಧರ್ಮಕ್ಕೆ ಇರುವಂತೆ, ಸ್ವಚ್ಛಂದವಾಗಿ ನುಡಿಸಲು ಅವಕಾಶವಿರುವುದು. ಎಲಿಂಗ್ಟನ್ನನು ಪಂಗಡಗಳ ನಡುವಣ ಗೋಡೆಯನ್ನು ಒಡೆದು, ಬೇರೆ ಬೇರೆ ಪಂಗಡಗಳ ವಾದ್ಯಗಳನ್ನು ಒಂದೇ ಸ್ವರಮೇಳದಲ್ಲಿ ಕಲೆಸಿದನು. 1930ರ 'ಮೂಡ್ ಇಂಡಿಗೊ' ಇದಕ್ಕೆ ಪ್ರಸಿದ್ಧ ನಿದರ್ಶನ. ರೂಢಿಯಂತೆ ಮೇಲೆ ಹಾರಾಡಬೇಕಾದ ಕ್ಲಾರಿನೆಟ್ಟನ್ನು ಆತನು ಮಂದ್ರಕ್ಕೆ ಇಳಿಸಿದನು. ಕೆಳಗಿರಬೇಕಾದ ಟ್ರಾಂಬೋನನ್ನು, ಬಾಯಿಗೆ ಮುಚ್ಚಳವಿರಿಸಿ, ಟ್ರಂಪೆಟ್ಟಿನ ಮಗ್ಗುಲಿಗೆ ಏರಿಸಿದನು. ಮೂರೇ ವಾದ್ಯಗಳು, ಆದರೆ ಅವು ಒಂದುಗೂಡಿದಾಗ ಅದುವರೆಗೆ ಯಾರೂ ಕೇಳಿರದ ನಾಲ್ಕನೆಯ ವಾದ್ಯವೊಂದು ಹುಟ್ಟಿದಂತಾಯಿತು.

ಮೈಲಿಯು 1929ರಲ್ಲಿ ಮೇಳವನ್ನು ಬಿಟ್ಟಾಗ ಕೂಟಿ ವಿಲಿಯಮ್ಸನು ಆ ಸ್ಥಾನಕ್ಕೆ ಬಂದು, ಗುರುಗುಟ್ಟುವ ವಿದ್ಯೆಯನ್ನು ತನ್ನದಾಗಿಸಿಕೊಂಡನು. ಆತನಿಗೆಂದೇ 1940ರಲ್ಲಿ 'ಕನ್ಸರ್ಟೊ ಫಾರ್ ಕೂಟಿ' ರಚಿತವಾಯಿತು. ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಸುವ ಮೂರು ನಿಮಿಷಗಳ ಚಿಲ್ಲರೆ ಕಾಲದಲ್ಲಿ, ಒಬ್ಬನೇ ವಾದಕನ ಮುಚ್ಚಿದ ಧ್ವನಿ, ಗುರುಗುಟ್ಟುವ ಧ್ವನಿ, ತೆರೆದ ಧ್ವನಿಗಳೆಲ್ಲವೂ ಒಂದೊಂದಾಗಿ ಮೆರೆಯುತ್ತವೆ. ಆದರೆ ಅದೇ ವರ್ಷ ಕೂಟಿಯು ಬೆನ್ನಿ ಗುಡ್‌ಮನ್ನನ ಮೇಳಕ್ಕೆ ಹೊರಟುಹೋದನು. ಮನುಷ್ಯನಿಗಾಗಿ ಬರೆದವನಿಗೆ ಮನುಷ್ಯನು ಹೋದರೆ ಕೃತಿಯೇ ಅನಾಥವಾಗುವ ಅಪಾಯವು ತಪ್ಪಿದ್ದಲ್ಲ. ಎಲಿಂಗ್ಟನ್ನನು ಕಂಗೆಡಲಿಲ್ಲ, ಹೊಸಬನ ಗುಣವನ್ನು ಅರಿತು ಹೊಸದನ್ನು ಬರೆದನು. ಕೂಟಿಯು 1962ರಲ್ಲಿ ಹಿಂದಿರುಗಿ ಬಂದಾಗ ಮೇಳದಲ್ಲಿ ಆತನಿಗೆ ಸ್ಥಳವಿದ್ದಿತು.

ಈ ಪದ್ಧತಿಯಲ್ಲಿ ಒಂದು ಕಳಂಕವೂ ಉಂಟೆಂಬುದನ್ನು ಮರೆಮಾಚುವುದು ಉಚಿತವಲ್ಲ. ವಾದಕರು ಬಿಡುವಿನಲ್ಲಿ ನುಡಿಸಿದ ತುಣುಕುಗಳನ್ನು ಎಲಿಂಗ್ಟನ್ನನು ಹಿಡಿದು ಕೃತಿಗಳಾಗಿ ಬೆಳೆಸುತ್ತಿದ್ದನು. 'ಮೂಡ್ ಇಂಡಿಗೊ'ದಲ್ಲಿ ಬಾರ್ನಿ ಬಿಗಾರ್ಡನ ಪಾಲಿದ್ದಿತು. 'ಕ್ಯಾರವಾನ್' ಹ್ವಾನ್ ಟಿಸೋಲನ ರಾಗದಿಂದ ಮೊಳೆಯಿತು. ಇವರಿಗೆ ಸಲ್ಲಬೇಕಾದ ಹೆಸರೂ ಹಣವೂ ಎಲ್ಲ ಕಾಲದಲ್ಲಿಯೂ ಸರಿಯಾಗಿ ಸಲ್ಲಲಿಲ್ಲ. ಸ್ಯಾಕ್ಸೊಫೋನ್ ವಾದಕ ಜಾನಿ ಹಾಜಸನು, ತನ್ನಿಂದ ಹುಟ್ಟಿದ ರಾಗವು ಬಂದಾಗ, ವೇದಿಕೆಯ ಮೇಲೆಯೇ ನಾಯಕನತ್ತ ತಿರುಗಿ ಹಣ ಎಣಿಸುವ ಅಭಿನಯ ಮಾಡುತ್ತಿದ್ದನೆಂದು ಹೇಳುತ್ತಾರೆ. 1938ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಭೇಟಿಯಾದ 23 ವರ್ಷದ ತರುಣ ಬಿಲ್ಲಿ ಸ್ಟ್ರೇಹಾರ್ನನು ಮುಂದೆ ಎಲಿಂಗ್ಟನ್ನನ ಬಲಗೈಯಾಗಿ, ಮೇಳದ ಗುರುತಿನ ರಾಗವಾದ 'ಟೇಕ್ ದಿ ಎ ಟ್ರೈನ್' ಕೃತಿಯನ್ನು ರಚಿಸಿದನು. ಇಬ್ಬರ ಬರೆವಣಿಗೆಯೂ ಎಷ್ಟು ಬೆರೆತುಹೋಯಿತೆಂದರೆ, ಯಾರದೆಷ್ಟೆಂಬ ವಿಚಾರವನ್ನು ವಿದ್ವಾಂಸರು ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು ಶೋಧಿಸಬೇಕಾಯಿತು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಎರಡನೆಯ ಮಹಾಯುದ್ಧದ ತರುವಾಯ ಜನರ ಅಭಿರುಚಿಯು ಬದಲಾಗಿ, ದೊಡ್ಡ ಮೇಳಗಳು ಒಂದೊಂದಾಗಿ ಮುಚ್ಚಿದವು. ಎಲಿಂಗ್ಟನ್ನನು ತನ್ನ ಕೃತಿಗಳಿಂದ ಬರುತ್ತಿದ್ದ ಗೌರವಧನವನ್ನು ಸುರಿದು ಮೇಳಕ್ಕೆ ಸಂಬಳ ಕೊಟ್ಟನು. ರಾತ್ರಿ ಬರೆದುದನ್ನು ಮರುದಿನವೇ ಆ ಕೊರಳುಗಳಿಂದ ಕೇಳಬೇಕೆಂಬುದೇ ಆತನ ಹಂಬಲ. 1951ರಲ್ಲಿ ಹಾಜಸ್ ಮೊದಲಾದ ಮೂವರು ಹಿರಿಯರು ಒಟ್ಟಿಗೆ ಬಿಟ್ಟುಹೋದರೂ ಮೇಳವು ಒಡೆಯಲಿಲ್ಲ. 1956ರ ಜುಲೈ 7ರಂದು ನ್ಯೂಪೋರ್ಟಿನ ಉತ್ಸವದಲ್ಲಿ ಪಾಲ್ ಗೊನ್ಸಾಲ್ವಿಸನು ಒಂದೇ ಕೃತಿಯ ನಡುವೆ 27 ಆವರ್ತಗಳನ್ನು ಎಡೆಬಿಡದೆ ನುಡಿಸಿದಾಗ ಸಭೆಯು ಎದ್ದು ಕುಣಿಯಿತು, ಮೇಳಕ್ಕೆ ಪುನರ್ಜನ್ಮವಾಯಿತು.

ತನ್ನ ಜನಾಂಗದ ಚರಿತ್ರೆಯನ್ನೇ ವಸ್ತುವಾಗಿಸಿ ರಚಿಸಿದ, ಮುಕ್ಕಾಲು ಗಂಟೆಯ 'ಬ್ಲ್ಯಾಕ್, ಬ್ರೌನ್ ಅಂಡ್ ಬೇಜ್' ಕೃತಿಯನ್ನು 1943ರ ಜನವರಿ 23ರಂದು ಕಾರ್ನಿಗಿ ಸಭಾಂಗಣದಲ್ಲಿ ನುಡಿಸಿದಾಗ ವಿಮರ್ಶಕರು ಆದರಿಸಲಿಲ್ಲ. 1965ರಲ್ಲಿ ಪುಲಿಟ್ಸರ್ ಪಾರಿತೋಷಕದ ಸಂಗೀತ ತೀರ್ಪುಗಾರರು ಆತನಿಗೆ ವಿಶೇಷ ಸನ್ಮಾನವನ್ನು ಸೂಚಿಸಿದರು. ಮೇಲಿನ ಮಂಡಲಿಯು ತಳ್ಳಿಹಾಕಿತು. ಮೂವರು ತೀರ್ಪುಗಾರರಲ್ಲಿ ಇಬ್ಬರು ರಾಜೀನಾಮೆಯಿತ್ತರು. 66 ವರ್ಷದ ಎಲಿಂಗ್ಟನ್ನನು ಕಹಿ ನುಡಿಯದೆ ನಗೆಮಾತಿನಿಂದ ಆ ಅವಮಾನವನ್ನು ನುಂಗಿಕೊಂಡನು. ಆ ಸನ್ಮಾನವು ಬಂದದ್ದು 1999ರಲ್ಲಿ, ಆತನ ಜನ್ಮಶತಾಬ್ದಿಯ ವರ್ಷ. ಪಡೆಯಬೇಕಾದವನು ಗತಿಸಿ 25 ವರ್ಷಗಳಾಗಿದ್ದವು.

1963ರಲ್ಲಿ ಅಮೆರಿಕಾ ಸರಕಾರದ ಪರವಾಗಿ ಪ್ರವಾಸ ಹೊರಟ ಮೇಳವು ದೆಹಲಿ, ಮದ್ರಾಸು, ಮುಂಬಯಿ, ಕಲ್ಕತ್ತಗಳಿಗೂ ಬಂದಿದ್ದಿತು. ತಾನು ಕಂಡ ಪೂರ್ವದೇಶಗಳನ್ನು ಆತನು ಅನುಕರಿಸಲು ಹೋಗಲಿಲ್ಲ. ಕೆಲಕಾಲ ಮನಸ್ಸಿನಲ್ಲಿ ಮಾಗಲು ಬಿಟ್ಟು, ಸ್ಟ್ರೇಹಾರ್ನನೊಡನೆ 'ಫಾರ್ ಈಸ್ಟ್ ಸ್ವೀಟ್' ಎಂಬ ಕೃತಿಮಾಲೆಯನ್ನು ರಚಿಸಿದನು. ಅದರ ಧ್ವನಿಮುದ್ರಣವು 1966ರ ಕೊನೆಯಲ್ಲಿ ನಡೆಯಿತು. ಮರುವರ್ಷವೇ ಸ್ಟ್ರೇಹಾರ್ನನು ತೀರಿಕೊಂಡನು.

1974ರ ಮೇ 24ರಂದು ಎಲಿಂಗ್ಟನ್ನನು ನ್ಯೂಯಾರ್ಕಿನಲ್ಲಿ ಕಾಲವಾದನು. ಹದಿಹರೆಯದಲ್ಲಿ, 1927ರಲ್ಲಿ, ಮೇಳವನ್ನು ಸೇರಿದ್ದ ಸ್ಯಾಕ್ಸೊಫೋನ್ ವಾದಕ ಹ್ಯಾರಿ ಕಾರ್ನಿಯು 47 ವರ್ಷ ಅಲ್ಲಿಯೇ ಉಳಿದಿದ್ದನು. ನಾಯಕನು ಹೋದ ಕೆಲವೇ ತಿಂಗಳಲ್ಲಿ ಆತನೂ ತೀರಿಹೋದನು. ಇಂದಿಗೂ ಆ ಕೃತಿಗಳನ್ನು ನುಡಿಸುವ ಮೇಳಗಳು ಹಲವುಂಟು. ಸ್ವರಪತ್ರಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿವೆ. ಆದರೆ ಅವುಗಳ ಮೇಲೆ ಯಾರ ಹೆಸರಿದೆಯೋ ಅವರು ಇಲ್ಲ. ಹತ್ತು ಜನರನ್ನು ಒಂದು ಕಾರ್ಯಕ್ಕೆ ಕಟ್ಟುವವರು ಸಾಮಾನ್ಯವಾಗಿ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆಯಲು ಹೆಣಗುತ್ತಾರೆ. ಒಬ್ಬೊಬ್ಬನ ಒರಟುತನವನ್ನೂ ಹಾಗೆಯೇ ಉಳಿಸಿಕೊಂಡು ಎಲ್ಲರಿಂದಲೂ ಒಂದು ನಾದವನ್ನು ಹೊರಡಿಸಬಹುದೆಂಬುದನ್ನು ಎಲಿಂಗ್ಟನ್ನನು ಅರ್ಧ ಶತಮಾನ ನಡೆಸಿ ತೋರಿಸಿದನು. ಅವರ ಋಣವನ್ನು ಆತನು ಪೂರ್ತಿಯಾಗಿ ತೀರಿಸಲಿಲ್ಲ, ನಿಜ. ಆದರೆ ಅವರನ್ನು ಎಂದಿಗೂ ಬರಿಯ ವಾದ್ಯಗಳೆಂದು ಎಣಿಸಲಿಲ್ಲ.