ಹಿಮದ ನಾಡಿನ ಸಾಹಸಿ ನಾನ್ಸೆನ್

ನಾರ್ವೆಯು ಯೂರೋಪಿನ ಉತ್ತರ ಭಾಗದಲ್ಲಿರುವ ಪರ್ವತಮಯ ದೇಶ. ಚಳಿಗಾಲದಲ್ಲಿ ಅಲ್ಲಿನ ಬೆಟ್ಟಗಳು ದಟ್ಟವಾದ ಹಿಮದಿಂದ ಮುಚ್ಚಿಹೋಗುತ್ತವೆ. ನೀಳವಾದ ಮರದ ಪಟ್ಟಿಗಳನ್ನು ಪಾದಗಳಿಗೆ ಬಿಗಿದುಕೊಂಡು ಹಿಮದ ಮೇಲೆ ಜಾರುತ್ತ ಸಾಗುವುದು ಆ ಜನರ ಪ್ರಾಚೀನ ವಿದ್ಯೆ. ಈ ಪಟ್ಟಿಗಳಿಗೆ ಸ್ಕೀ ಎಂದು ಹೆಸರು. ಈ ವಿದ್ಯೆಯನ್ನು ಲೋಕಪ್ರಸಿದ್ಧಗೊಳಿಸಿದವರಲ್ಲಿ ಫ್ರಿಟ್ಯೋಫ್ ನಾನ್ಸೆನ್ ಅಗ್ರಗಣ್ಯನು.

ನಾನ್ಸೆನ್ 1861ರ ಅಕ್ಟೋಬರ್ 10ರಂದು, ಇಂದು ಆಸ್ಲೋ ಎನಿಸಿಕೊಂಡಿರುವ ಕ್ರಿಸ್ಟಿಯಾನಿಯಾ ನಗರದ ಬಳಿ ಜನಿಸಿದನು. ಬಾಲ್ಯದಿಂದಲೇ ಕಾಡುಮೇಡುಗಳಲ್ಲಿ ಅಲೆಯುವುದು ಅವನಿಗೆ ಪ್ರಿಯವಾಗಿತ್ತು. ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿ, 1882ರಲ್ಲಿ ಬರ್ಗೆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಉದ್ಯೋಗಕ್ಕೆ ಸೇರಿದನು. 1884ರ ಚಳಿಗಾಲದಲ್ಲಿ ಬರ್ಗೆನ್‌ನಿಂದ ಕ್ರಿಸ್ಟಿಯಾನಿಯಾದವರೆಗೆ ಪರ್ವತಗಳನ್ನು ಸ್ಕೀಗಳ ಮೇಲೆ ದಾಟಿದನು.

ಆ ಕಾಲದಲ್ಲಿ ಗ್ರೀನ್‌ಲೆಂಡ್ ದ್ವೀಪದ ಒಳನಾಡನ್ನು ಯಾರೂ ಅಡ್ಡಲಾಗಿ ದಾಟಿರಲಿಲ್ಲ. ಹಿಂದಿನವರು ಜನವಸತಿಯುಳ್ಳ ಪಶ್ಚಿಮ ತೀರದಿಂದ ಹೊರಟು, ಕಷ್ಟ ಒದಗಿದಾಗ ಹಿಂದಿರುಗಿದ್ದರು. ನಾನ್ಸೆನ್ ನಿರ್ಜನಪ್ರಾಯವಾದ ಪೂರ್ವ ತೀರದಿಂದ ಹೊರಡಲು ನಿಶ್ಚಯಿಸಿದನು. ಹಿಂದೆ ನೆಲೆಯಿಲ್ಲದ ಮೇಲೆ ಮುಂದೆ ಸಾಗುವುದೊಂದೇ ದಾರಿ. ಇದು ಹುಚ್ಚು ಸಾಹಸವೆಂದು ಅನೇಕರು ಹಳಿದರು.

ಆದರೆ ನಾನ್ಸೆನ್ ಎಲ್ಲವನ್ನೂ ಮುಂದಾಗಿ ಯೋಚಿಸಿದ್ದನು. ಮೆತ್ತನೆಯ ಹಿಮದಲ್ಲಿ ಹೂತುಹೋಗದಂತೆ ಅಗಲವಾದ ತಳಪಟ್ಟಿಗಳುಳ್ಳ ಹಗುರವಾದ ಜಾರುಬಂಡಿಗಳನ್ನು ಮಾಡಿಸಿದನು. ಕಡಿಮೆ ಇಂಧನದಲ್ಲಿ ಹಿಮವನ್ನು ಕರಗಿಸಿ ಅಡುಗೆ ಮಾಡಬಲ್ಲ ಒಲೆಯೊಂದನ್ನು ರೂಪಿಸಿದನು. ಮೂವರು ಒಟ್ಟಿಗೆ ಮಲಗಬಹುದಾದ ಹಿಮಸಾರಂಗದ ತೊಗಲಿನ ಚೀಲಗಳನ್ನೂ, ಹಿಮದ ಮೇಲಿನ ಪ್ರಖರ ಬೆಳಕಿನಿಂದ ಕಣ್ಣುಗಳನ್ನು ರಕ್ಷಿಸುವ ಕನ್ನಡಕಗಳನ್ನೂ ಸಿದ್ಧಪಡಿಸಿದನು. ಸ್ಕೀಯಲ್ಲಿ ನಿಪುಣರಾದ ಐವರನ್ನು ಸಂಗಡಿಗರನ್ನಾಗಿ ಆರಿಸಿಕೊಂಡನು.

1888ರ ಜುಲೈ 17ರಂದು ಅವರು ಹಡಗಿನಿಂದ ದೋಣಿಗಳಿಗಿಳಿದರು. ತೇಲುವ ಮಂಜುಗಡ್ಡೆಗಳು ಅವರನ್ನು ಸೆರೆಹಿಡಿದು ದಕ್ಷಿಣಕ್ಕೆ ಬಹುದೂರ ಒಯ್ದವು. ಹನ್ನೆರಡು ದಿನಗಳ ಬಳಿಕ ದಡ ಸೇರಿ, ಮತ್ತೆ ಉತ್ತರಕ್ಕೆ ಹುಟ್ಟುಹಾಕಿ, ಆಗಸ್ಟ್ ಮಧ್ಯದಲ್ಲಿ ಏರುದಾರಿ ಹಿಡಿದರು.

ಹಿಮದ ತೆಳುವಾದ ಹೊದಿಕೆಯ ಕೆಳಗೆ ಆಳವಾದ ಬಿರುಕುಗಳು ಬಾಯ್ದೆರೆದಿದ್ದವು. ಆದುದರಿಂದ ಅವರು ಹಗ್ಗ ಕಟ್ಟಿಕೊಂಡು ಎಚ್ಚರದಿಂದ ಹೆಜ್ಜೆಯಿಟ್ಟರು. ಬಿರುಗಾಳಿ ಬೀಸಿದಾಗ ದುಡುಕದೆ ಡೇರೆಯಲ್ಲಿ ಕಾದರು. ಅವರು ಏರಿದ ಎತ್ತರ ಸುಮಾರು 2,700 ಮೀಟರ್. ರಾತ್ರಿಯ ಶೀತ ಸೊನ್ನೆಗಿಂತ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯಿತು. ಒಣಮಾಂಸದಲ್ಲಿ ಕೊಬ್ಬಿನಂಶ ಸಾಲದೆ ಎಲ್ಲರೂ ಅದಕ್ಕಾಗಿ ಹಂಬಲಿಸಿದರು. ಆಹಾರದ ಸಣ್ಣ ಕೊರತೆಯೂ ಹಿಮದಲ್ಲಿ ದೊಡ್ಡ ಕಷ್ಟವಾಗುವುದೆಂದು ಅನುಭವ ಕಲಿಸಿತು. ಗಾಳಿ ಅನುಕೂಲವಾದಾಗ ಬಂಡಿಗಳಿಗೆ ಹಾಯಿ ಕಟ್ಟಿ ವೇಗವಾಗಿ ಸಾಗಿದರು. ಪಶ್ಚಿಮ ತೀರದಲ್ಲಿ ಡೇರೆಯ ಬಟ್ಟೆಯಿಂದ ಪುಟ್ಟ ದೋಣಿ ಕಟ್ಟಿ, ನಾನ್ಸೆನ್ ಮತ್ತು ಸ್ವೆರ್ಡ್ರುಪ್ ಅಕ್ಟೋಬರ್ 3ರಂದು ಗೋಟ್‌ಹಾಬ್ ಸೇರಿದರು. ಉಳಿದ ನಾಲ್ವರೂ ಕೆಲದಿನಗಳಲ್ಲಿ ಸುರಕ್ಷಿತವಾಗಿ ಬಂದರು. ಒಬ್ಬನ ಪ್ರಾಣಕ್ಕೂ ಹಾನಿಯಾಗಲಿಲ್ಲ.

ಮುಂದೆ ಫ್ರಾಮ್ ಎಂಬ ಹಡಗಿನಲ್ಲಿ ಉತ್ತರ ಧ್ರುವದತ್ತ ಹೊರಟ ನಾನ್ಸೆನ್, 1895ರಲ್ಲಿ ಅದುವರೆಗೆ ಯಾರೂ ಮುಟ್ಟದಿದ್ದ ಉತ್ತರ ಅಕ್ಷಾಂಶವನ್ನು ಒಬ್ಬ ಸಂಗಡಿಗನೊಡನೆ ಮುಟ್ಟಿದನು. ಮೊದಲನೆಯ ಮಹಾಯುದ್ಧದ ನಂತರ ಲಕ್ಷಾಂತರ ಯುದ್ಧಕೈದಿಗಳನ್ನು ಅವರವರ ದೇಶಗಳಿಗೆ ಕಳುಹಿಸುವ ಹೊಣೆ ಹೊತ್ತನು. ನೆಲೆಯಿಲ್ಲದ ನಿರಾಶ್ರಿತರಿಗೆ ಅವನ ಹೆಸರಿನ ಪ್ರಯಾಣಪತ್ರ ಆಸರೆಯಾಯಿತು. 1922ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಅವನಿಗೆ ದೊರೆಯಿತು. 1930ರ ಮೇ 13ರಂದು ಅವನು ನಿಧನನಾದನು.

ಹಿಮದ ನಡುವೆ ಧೈರ್ಯವೊಂದೇ ಮನುಷ್ಯನನ್ನು ಕಾಯಲಾರದು. ಅಪಾಯವನ್ನು ಮೊದಲೇ ಅರಿತು ಮಾಡಿಕೊಂಡ ಸಿದ್ಧತೆ ಮತ್ತು ಸಂಗಡಿಗರ ಬಗೆಗಿನ ಹೊಣೆಗಾರಿಕೆ ಧೈರ್ಯದೊಡನೆ ಕೂಡಿದಾಗಲೇ ಸಾಹಸ ಸಾರ್ಥಕವಾಗುವುದು. ನಾನ್ಸೆನ್ನನ ಜೀವನ ಇದಕ್ಕೆ ನಿದರ್ಶನ.