ಡೆನಿಸ್ ರಿಚಿ: ಸ್ಟೀವ್ ಜಾಬ್ಸ್ ಪಕ್ಕದಲ್ಲಿ ಫಾರ್ವರ್ಡ್ ಆಗುವ ಆ ಗಡ್ಡದ ಮನುಷ್ಯ ಯಾರು?

ಒಂದು ಫೋಟೋ ನಿಮಗೂ ಬಂದಿರಬಹುದು. ಒಂದು ಬದಿಯಲ್ಲಿ ಸ್ಟೀವ್ ಜಾಬ್ಸ್, ಇನ್ನೊಂದು ಬದಿಯಲ್ಲಿ ಬಿಳಿ ಗಡ್ಡದ ವ್ಯಕ್ತಿ. ಇವರಿಲ್ಲದಿದ್ದರೆ ಐಫೋನೇ ಇರುತ್ತಿರಲಿಲ್ಲ, ಕಂಪ್ಯೂಟರಿನ ಎಲ್ಲವನ್ನೂ ಇವರೇ ಕಂಡುಹಿಡಿದರು, ಆದರೂ ಸತ್ತಾಗ ಯಾರೂ ಕೇಳಲಿಲ್ಲ ಎಂಬುದು ಅದರ ಸಾರಾಂಶ. ಇದರಲ್ಲಿ ಅರ್ಧ ನಿಜ, ಅರ್ಧ ಉತ್ಪ್ರೇಕ್ಷೆ.

ಡೆನಿಸ್ ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ, ಗಣಿತ ಓದಿದ ಮಗ 1967ರಲ್ಲಿ ಅದೇ ಬೆಲ್ ಲ್ಯಾಬ್ಸ್ ಸೇರಿದರು. ಪಿಎಚ್‌ಡಿ ಪ್ರಬಂಧ ಬರೆದು ಮುಗಿಸಿದ್ದರೂ ಪದವಿ ಮಾತ್ರ ಪಡೆಯಲೇ ಇಲ್ಲ. ಹಾಗಾಗಿ ಅವರ ಹೆಸರಿನ ಹಿಂದೆ ‘ಡಾ.’ ಸೇರಿಸುವ ಪೋಸ್ಟ್‌ಗಳು ತಪ್ಪು.

1969ರಲ್ಲಿ ಸಹೋದ್ಯೋಗಿ ಕೆನ್ ಥಾಂಪ್ಸನ್ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಶುರು ಮಾಡಿದಾಗ ರಿಚಿ ಜೊತೆಯಾದರು. ಥಾಂಪ್ಸನ್ ಅವರ ‘ಬಿ’ ಭಾಷೆಯನ್ನು ಬೆಳೆಸಿ ‘ಸಿ’ ಭಾಷೆ ಕಟ್ಟಿದವರು ರಿಚಿ. 1973ರಲ್ಲಿ ಯುನಿಕ್ಸನ್ನೇ ಸಿ ಭಾಷೆಯಲ್ಲಿ ಮತ್ತೆ ಬರೆದರು. ಇಂದು ಆ್ಯಂಡ್ರಾಯ್ಡ್ ಫೋನಿನ ಒಳಗಿರುವ ಲಿನಕ್ಸ್ ಕರ್ನಲ್ ಬಹುಪಾಲು ಸಿ ಭಾಷೆಯದೇ.

ಅದೇ 1973ರಲ್ಲಿ ಯುನಿಕ್ಸ್‌ಗೆ ಪೈಪ್ ಬಂತು. ಐಡಿಯಾ ರಿಚಿಯವರದಲ್ಲ, ಡಗ್ಲಸ್ ಮೆಕಿಲ್‌ರಾಯ್ ಅವರದು. ಸಿರುಗುಪ್ಪ ಕಡೆ ಗದ್ದೆಗೆ ನೀರು ಹಾಯಿಸುವವರು ಒಂದು ಪೈಪಿಗೆ ಇನ್ನೊಂದನ್ನು ಸಿಕ್ಕಿಸುತ್ತಾರಲ್ಲ, ಹಾಗೆ ಒಂದು ಪ್ರೋಗ್ರಾಂನಿಂದ ಬರುವುದನ್ನು ನೇರವಾಗಿ ಇನ್ನೊಂದಕ್ಕೆ ಹರಿಸುವುದು. ಅದನ್ನು ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದರಂತೆ.

ಮುಂದಿನ ಪೈಪ್ ಕಳಚಿಬಿದ್ದರೆ? ಬಳ್ಳಾರಿಯ ಜೀನ್ಸ್ ಕೆಲಸ ನೆನೆಸಿಕೊಳ್ಳಿ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ವಾಷಿಂಗ್ ಘಟಕ ಬಾಗಿಲು ಹಾಕಿದ್ದು ಹೊಲಿಯುವವರಿಗೆ ಗೊತ್ತಾಗದಿದ್ದರೆ ಸುಮ್ಮನೆ ಹೊಲಿಯುತ್ತಲೇ ಇರುತ್ತಾರೆ. ಯುನಿಕ್ಸ್ ಇದಕ್ಕೆ ಒಂದು ಸಂಕೇತ ಇಟ್ಟಿದೆ: ಸಿಗ್‌ಪೈಪ್. ಓದುವವರೇ ಇಲ್ಲದ ಪೈಪಿಗೆ ಬರೆದರೆ ಕರ್ನಲ್ ಈ ಸಂಕೇತ ಕಳಿಸುತ್ತದೆ, ಬೇರೆ ಏರ್ಪಾಡು ಇಲ್ಲದಿದ್ದರೆ ಬರೆಯುವ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಅದರ ಸಂಖ್ಯೆ 13. (ಅಪಶಕುನ ಅಂತ ಹೊಸ ಫಾರ್ವರ್ಡ್ ಶುರು ಮಾಡಬೇಡಿ, ಅದು ಪಟ್ಟಿಯ ಕ್ರಮಸಂಖ್ಯೆ ಅಷ್ಟೇ.)

ತೊಂದರೆ ಎಲ್ಲಿ ಎಂದರೆ, ಒಂದು ದೊಡ್ಡ ಪ್ರೋಗ್ರಾಂ ಹತ್ತಾರು ಸಣ್ಣ ಪ್ರೋಗ್ರಾಂಗಳಿಗೆ ಕೆಲಸ ಹಂಚಿರುತ್ತದೆ. ಅವುಗಳಲ್ಲಿ ಒಂದು ಸತ್ತಿತೆಂದು ಮುಖ್ಯ ಪ್ರೋಗ್ರಾಂ ಕೂಡ ಸಾಯಬಾರದು. ಅದಕ್ಕೇ ಅಂಥ ಕಡೆ ಸಂಕೇತವನ್ನು ಕಡೆಗಣಿಸುವಂತೆ ಬರೆದು, ಅದರ ಬದಲು ಬರುವ ಎರರ್ ಅನ್ನು ತಪ್ಪದೆ ಪರೀಕ್ಷಿಸುತ್ತಾರೆ. ಪೈಥಾನ್ ಭಾಷೆ ಮೊದಲಿನಿಂದಲೇ ಹೀಗೆ ಮಾಡುತ್ತದೆ. ಇನ್ನೊಂದು ಎಡವಟ್ಟಿದೆ. ಮುಖ್ಯ ಪ್ರೋಗ್ರಾಂ ಪೈಪಿನ ಓದುವ ತುದಿಯ ಒಂದು ಪ್ರತಿಯನ್ನು ತಾನೂ ಹಿಡಿದುಕೊಂಡಿದ್ದರೆ, ಓದುವವರು ಇನ್ನೂ ಇದ್ದಾರೆಂದು ಕರ್ನಲ್ ತಿಳಿಯುತ್ತದೆ. ಸಂಕೇತವೂ ಇಲ್ಲ, ಎರರ್ ಕೂಡ ಇಲ್ಲ. ಪೈಪ್ ತುಂಬಿ ಎಲ್ಲವೂ ನಿಂತುಬಿಡುತ್ತದೆ. ಬೇಡದ ತುದಿಯನ್ನು ಮೊದಲೇ ಮುಚ್ಚಬೇಕು.

ಕಂಪ್ಯೂಟರ್ ಪರದೆ ಮೇಲೆ ‘ಬ್ರೋಕನ್ ಪೈಪ್’ ಎಂದು ಬಂದರೆ ಹ್ಯಾಕ್ ಆಯ್ತು, ವೈರಸ್ ಬಂತು ಎಂದು ಗಾಬರಿಯಾಗಬೇಡಿ. ಆ ಕಡೆಯವರು ಹೋಗಿದ್ದಾರೆ ಎಂದಷ್ಟೇ ಅರ್ಥ.

1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಪಡೆದ ರಿಚಿ 2007ರಲ್ಲಿ ನಿವೃತ್ತರಾದರು. ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನಲ್ಲಿ ಒಬ್ಬರೇ ಇದ್ದರು. ಜಾಬ್ಸ್ ತೀರಿಕೊಂಡಿದ್ದು 2011ರ ಅಕ್ಟೋಬರ್ 5. ಅದಾದ ಒಂದು ವಾರಕ್ಕೆ, 12ರಂದು, ರಿಚಿ ಮನೆಯಲ್ಲಿ ಸತ್ತಿದ್ದು ಕಂಡುಬಂತು. ಅದು ಅವರು ಸಿಕ್ಕ ದಿನ. ಫಾರ್ವರ್ಡ್‌ಗಳು ಅದನ್ನೇ ಸತ್ತ ದಿನವೆಂದು ಬರೆದು, ಕೆಲವೊಮ್ಮೆ ಜಾಬ್ಸ್ ಸತ್ತ ದಿನಕ್ಕೇ ಸೇರಿಸಿಬಿಡುತ್ತವೆ. ಯಾರೂ ಕೇಳಲಿಲ್ಲ ಎಂಬುದೂ ಸರಿಯಲ್ಲ. ನ್ಯೂಯಾರ್ಕ್ ಟೈಮ್ಸ್ ಅವರ ಬಗ್ಗೆ ದೀರ್ಘವಾಗಿ ಬರೆಯಿತು. ಮರುತಿಂಗಳು ಹೊರಬಂದ ಫೆಡೋರಾ 16 ಲಿನಕ್ಸ್ ಆವೃತ್ತಿಯನ್ನು ಅವರ ನೆನಪಿಗೇ ಅರ್ಪಿಸಲಾಯಿತು.